ಉದ್ಯೋಗಿಗಳ ಆಂತರಿಕ ಪ್ರೇರಣೆ

ಸಂಬಳ, ಬಡ್ತಿಗಾಗಿ ಅಥವಾ ಮೇಲಧಿಕಾರಿಯ ಭಯದಿಂದ ಅಲ್ಲದೆ, ಕೆಲಸದಲ್ಲೇ ಸಿಗುವ ಆಸಕ್ತಿ ಮತ್ತು ತೃಪ್ತಿಗಾಗಿ ದುಡಿಯುವ ಒಲವನ್ನು ಮನೋವಿಜ್ಞಾನಿಗಳು ಆಂತರಿಕ ಪ್ರೇರಣೆ ಎನ್ನುತ್ತಾರೆ. ಮನಸ್ಸಿಟ್ಟು ದುಡಿಯುವವರು ಎಲ್ಲ ಕಾಲದಲ್ಲೂ ಇದ್ದರು. ಆ ಮನಸ್ಸನ್ನು ಪರೀಕ್ಷೆಗೆ ಒಡ್ಡುವ ಪ್ರಯತ್ನ ಮಾತ್ರ ಇಪ್ಪತ್ತನೆಯ ಶತಮಾನದ್ದು.

ಶತಮಾನದ ಆರಂಭದಲ್ಲಿ ಕಾರ್ಖಾನೆಗಳ ನಂಬಿಕೆ ಇದಕ್ಕೆ ತದ್ವಿರುದ್ಧವಾಗಿತ್ತು. ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ 1911ರ ತನ್ನ ಪುಸ್ತಕದಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಒಬ್ಬ ಕೂಲಿಯ ಕಥೆ ಹೇಳುತ್ತಾನೆ. ದಿನಗೂಲಿಯನ್ನು 1.15 ಡಾಲರಿನಿಂದ 1.85ಕ್ಕೆ ಏರಿಸಿ, ಎತ್ತು, ನಡೆ, ಕೂತು ಸುಧಾರಿಸಿಕೋ ಎಂದು ಹೆಜ್ಜೆಹೆಜ್ಜೆಗೂ ಅಪ್ಪಣೆ ಕೊಟ್ಟಾಗ, ಅವನು ಹೊರುವ ಕಬ್ಬಿಣ ದಿನಕ್ಕೆ 12 ಚಿಲ್ಲರೆ ಟನ್ನಿನಿಂದ 47 ಟನ್ನಿಗೆ ಏರಿತಂತೆ. ಈ ಲೆಕ್ಕವನ್ನು ಇತಿಹಾಸಕಾರರು ಪೂರ್ತಿ ಒಪ್ಪುವುದಿಲ್ಲ. ಆದರೂ ಯೋಚಿಸುವವನು ಒಬ್ಬ, ದುಡಿಯುವವನು ಇನ್ನೊಬ್ಬ ಎಂಬ ಕ್ರಮ ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಬೇರೂರಿತು.

ಅದಕ್ಕೆ ಒಂದು ಗಟ್ಟಿ ಪ್ರಶ್ನೆ ಬಂದದ್ದು ಕಾರ್ಖಾನೆಯಿಂದಲ್ಲ, ಮಂಗಗಳಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಕೊಂಡಿ, ಕೊಕ್ಕೆ, ಚಿಲಕಗಳಿದ್ದ ಒಂದು ಒಗಟನ್ನು ಮಂಗಗಳ ಮುಂದಿಟ್ಟರು. ತಿನ್ನಲು ಏನೂ ಕೊಡದಿದ್ದರೂ ಅವು ಮತ್ತೆಮತ್ತೆ ಅದನ್ನು ಬಿಚ್ಚುತ್ತಿದ್ದವು. ತಿಂಡಿಯ ಆಸೆ ತೋರಿಸಿದಾಗ ತಪ್ಪುಗಳೇ ಹೆಚ್ಚಾದವು. 1950ರಲ್ಲಿ ಪ್ರಕಟವಾದ ಈ ಫಲಿತಾಂಶ, ಹಸಿವು ಮತ್ತು ಬಹುಮಾನಗಳಿಂದಲೇ ಎಲ್ಲ ನಡವಳಿಕೆಯನ್ನೂ ವಿವರಿಸುತ್ತಿದ್ದ ಅಂದಿನ ಸಿದ್ಧಾಂತಗಳಿಗೆ ಹೊಂದುತ್ತಿರಲಿಲ್ಲ.

ಮಂಗಗಳಿಂದ ಮನುಷ್ಯರಿಗೆ ಬಂದರೆ, ಭಾರತದ ಓದುಗರು ತಿಳಿದಿರಲೇಬೇಕಾದ ಪ್ರಯೋಗ ಅಹಮದಾಬಾದಿನ ಕ್ಯಾಲಿಕೋ ಮಿಲ್ಲಿನದು. ಅಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದರೂ ನಿರೀಕ್ಷಿಸಿದಷ್ಟು ಬಟ್ಟೆ ಬರುತ್ತಿರಲಿಲ್ಲ. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಬಂದು ನೋಡಿದಾಗ 224 ಮಗ್ಗಗಳಿಗೆ 29 ಕೆಲಸಗಾರರಿದ್ದರು, ಅವರ ಕೆಲಸ 12 ಚೂರಾಗಿತ್ತು. ನೇಯುವವನು ಒಬ್ಬ, ಕಡಿದ ಎಳೆ ಸೇರಿಸುವವನು ಇನ್ನೊಬ್ಬ, ನೂಲು ತುಂಬುವವನು ಮತ್ತೊಬ್ಬ. ಒಬ್ಬೊಬ್ಬರ ಪಾಲಿಗೆ ಬರುವ ಮಗ್ಗಗಳ ಸಂಖ್ಯೆಯೂ ಬೇರೆಬೇರೆ. ಹೀಗಾಗಿ ಯಾವ ಬಟ್ಟೆಯೂ ಇದು ನಮ್ಮದು ಎನ್ನುವ ಹಾಗಿರಲಿಲ್ಲ. ಕೆಲವು ಮಗ್ಗಗಳನ್ನು ಒಂದು ಗುಂಪಿಗೆ ಪೂರ್ತಿಯಾಗಿ ಒಪ್ಪಿಸಬಾರದೇಕೆ ಎಂದು ರೈಸ್ ಸೂಚಿಸಿದ್ದೇ ತಡ, ಕಾರ್ಮಿಕರೇ ಕೂತು ಮಾತಾಡಿ ತಮ್ಮ ಗುಂಪುಗಳನ್ನು ಕಟ್ಟಿಕೊಂಡರು. ಆರಂಭದ ಏರಿಳಿತ ಕಳೆದ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ಹೊಸ ವ್ಯವಸ್ಥೆಯ ಜೊತೆಗೆ ಕೂಲಿಯೂ ಹೆಚ್ಚಿದ್ದರಿಂದ, ಯಶಸ್ಸು ಗುಂಪಿನದೋ ಹಣದ್ದೋ ಎಂಬ ವಾದ ಮುಂದೆ ನಡೆಯಿತು. ವಾದದಲ್ಲಿ ಹುರುಳಿದೆ. ಆದರೆ ಸೂಚನೆ ಸಿಕ್ಕ ಕೂಡಲೇ ತಾವೇ ಗುಂಪು ಕಟ್ಟಿಕೊಂಡ ನೇಕಾರರ ಉತ್ಸಾಹವನ್ನು ಕೂಲಿಯ ಲೆಕ್ಕದಿಂದಷ್ಟೇ ವಿವರಿಸುವುದು ಕಷ್ಟ.

ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು 200 ಇಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ ಮನೋವಿಜ್ಞಾನಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು 1959ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಸಂಬಳ ಸಾಲದಿದ್ದರೆ ಅತೃಪ್ತಿ ಖಂಡಿತ, ಆದರೆ ಸಾಕಷ್ಟು ಸಿಕ್ಕ ಮಾತ್ರಕ್ಕೆ ಕೆಲಸದಲ್ಲಿ ಮನಸ್ಸು ನಿಲ್ಲದು. ಅದಕ್ಕೆ ಸಾಧನೆ, ಮನ್ನಣೆ, ಹೊಣೆ ಬೇಕು ಎಂಬುದು ಅದರ ತಿರುಳು. ಮರುವರ್ಷ ಆಡಳಿತ ತಜ್ಞ ಡಗ್ಲಾಸ್ ಮ್ಯಾಕ್‌ಗ್ರೆಗರ್, ಕಾರ್ಮಿಕ ಸೋಮಾರಿ ಎಂಬ ಊಹೆಯ ಮೇಲೇ ಆಡಳಿತ ನಿಂತಿದೆ ಎಂದು ಟೀಕಿಸಿದರು.

ಹಣವೇ ಆಸಕ್ತಿಯನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ಎತ್ತಿದವರು ಮನೋವಿಜ್ಞಾನಿ ಎಡ್ವರ್ಡ್ ಡೆಸಿ. 1971ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 24 ವಿದ್ಯಾರ್ಥಿಗಳು ಮೂರು ಸರದಿಗಳಲ್ಲಿ ಸೋಮಾ ಕ್ಯೂಬ್ ಎಂಬ ತುಂಡುಗಳ ಒಗಟನ್ನು ಜೋಡಿಸಿದರು. ಅರ್ಧ ಜನರಿಗೆ ಎರಡನೆಯ ಸರದಿಯಲ್ಲಿ ಮಾತ್ರ ಬಿಡಿಸಿದ ಒಂದೊಂದು ಒಗಟಿಗೂ ಒಂದು ಡಾಲರ್. ಪ್ರತಿ ಸರದಿಯ ನಡುವೆ ಡೆಸಿ ಏನೋ ನೆಪ ಹೇಳಿ ಎಂಟು ನಿಮಿಷ ಹೊರಗೆ ಹೋಗುತ್ತಿದ್ದರು; ಮೇಜಿನ ಮೇಲೆ ಪತ್ರಿಕೆಗಳೂ ಇರುತ್ತಿದ್ದವು. ಆ ಬಿಡುವಿನಲ್ಲಿ ಯಾರು ಒಗಟು ಮುಟ್ಟುತ್ತಾರೆ ಎಂಬುದೇ ಅಳತೆ. ಹಣ ಪಡೆದು, ಮೂರನೆಯ ಸರದಿಯಲ್ಲಿ ಅದು ನಿಂತುಹೋದವರು ಮೊದಲಿಗಿಂತ ಕಡಿಮೆ ಹೊತ್ತು ಒಗಟಿನೊಡನೆ ಕಳೆದರು. ಬಾಯಿಮಾತಿನ ಮೆಚ್ಚುಗೆ ಪಡೆದವರಲ್ಲಿ, ಇನ್ನೊಂದು ಪ್ರಯೋಗದಲ್ಲಿ, ಹೀಗಾಗಲಿಲ್ಲ. ಪ್ರಯೋಗ ಬಹಳ ಚಿಕ್ಕದು ಎಂಬ ಆಕ್ಷೇಪ ನ್ಯಾಯವಾದದ್ದೇ. 1994ರಲ್ಲಿ ಜೂಡಿ ಕ್ಯಾಮರನ್ ಮತ್ತು ಡೇವಿಡ್ ಪಿಯರ್ಸ್ ಬಹುಮಾನದ ಹಾನಿಯನ್ನು ಉತ್ಪ್ರೇಕ್ಷಿಸಲಾಗಿದೆ ಎಂದರೆ, 1999ರಲ್ಲಿ ಡೆಸಿ ಮತ್ತು ಜೊತೆಗಾರರು 128 ಅಧ್ಯಯನಗಳನ್ನು ಒಟ್ಟಿಗೆ ತೂಗಿ ಹಾನಿ ನಿಜವೆಂದು ವಾದಿಸಿದರು. ರಿಚರ್ಡ್ ರಯಾನ್ ಜೊತೆ ಡೆಸಿ 1985ರಲ್ಲಿ ಹೊರತಂದ ಪುಸ್ತಕದಿಂದ ಬೆಳೆದ ಸಿದ್ಧಾಂತ, ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯ ಈ ಮೂರನ್ನು ಮನಸ್ಸಿನ ಮೂಲ ಅಗತ್ಯಗಳೆಂದು ಗುರುತಿಸುತ್ತದೆ.

ಸಂಬಳ ಸಾಲದಿದ್ದರೆ ಅತೃಪ್ತಿ ಖಂಡಿತ ಎಂಬ, ಹರ್ಜ್‌ಬರ್ಗ್ ಕಂಡ ಮೊದಲರ್ಧವನ್ನು ಮರೆತು ಎರಡನೆಯದನ್ನಷ್ಟೇ ಹಿಡಿಯುವುದು ಈ ಪರಿಕಲ್ಪನೆಯ ದೊಡ್ಡ ದುರುಪಯೋಗ. ಸೇವಾಭಾವದ ಹೆಸರಿನಲ್ಲಿ ಕೂಲಿ ಕಡಿತ ಮಾಡಿದರೆ ಆ ಭಾವವೂ ಉಳಿಯುವುದಿಲ್ಲ. 2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದಡಿ ಬಂದ ಆಶಾ ಕಾರ್ಯಕರ್ತೆಯರು ಸರ್ಕಾರದ ದಾಖಲೆಯಲ್ಲಿ ನೌಕರರಲ್ಲ, ಸ್ವಯಂಸೇವಕರು. ಹೆರಿಗೆಗೆ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆತಂದರೆ ಇಷ್ಟು, ಮಗುವಿಗೆ ಲಸಿಕೆ ಪೂರ್ತಿ ಮಾಡಿಸಿದರೆ ಇಷ್ಟು ಎಂದು ಕೆಲಸಕ್ಕೊಂದು ಪ್ರೋತ್ಸಾಹಧನ. ತಮ್ಮ ಊರಿನ ತಾಯಂದಿರ ಬಗ್ಗೆ ಕಾಳಜಿ ಇದ್ದೇ ಈ ಕೆಲಸಕ್ಕೆ ಬಂದವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲುರಾತ್ರಿ ಧರಣಿ ಕೂತು ಕೇಳಿದ್ದು ತಿಂಗಳಿಗೆ ಇಂತಿಷ್ಟು ಎಂಬ ನಿಶ್ಚಿತ ಗೌರವಧನವನ್ನು. ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕ ಮೇಲೆ ಅವರು ಧರಣಿ ಕೈಬಿಟ್ಟರು.