ಸಿಂಹಗಿರಿಯ ಕನ್ನಡಿಗೋಡೆ

ಸಿಂಹಳದ್ವೀಪದ ಸೊಬಗನ್ನು ಕೊಂಡಾಡಿದ ಪರದೇಶದ ಯಾತ್ರಿಕರ ಪರಂಪರೆಯು ಬಹು ದೀರ್ಘವಾದುದು. ಕ್ರಿ.ಶ. 5ನೆಯ ಶತಮಾನದ ಆದಿಭಾಗದಲ್ಲಿ ಚೀನದೇಶದ ಭಿಕ್ಷುವಾದ ಫಾಹಿಯಾನನು ಎರಡು ವರ್ಷಕಾಲ ಅಲ್ಲಿ ನಿಂತು ಅನುರಾಧಪುರದ ವೈಭವವನ್ನು ಬರೆದಿಟ್ಟನು. 1344ರಲ್ಲಿ ಇಬ್ನ್ ಬತೂತನು ಶ್ರೀಪಾದಗಿರಿಯನ್ನು ಏರಿದನು. ಕಂಡಿಯ ಅರಸನಲ್ಲಿ ಇಪ್ಪತ್ತು ವರ್ಷಗಳಷ್ಟು ಕಾಲ ಸೆರೆಯಾಳಾಗಿದ್ದು ತಪ್ಪಿಸಿಕೊಂಡು ಹೋದ ರಾಬರ್ಟ್ ನಾಕ್ಸನು ಆ ದ್ವೀಪದ ವೃತ್ತಾಂತವನ್ನು 1681ರಲ್ಲಿ ಅಚ್ಚುಹಾಕಿಸಿದನು. ಇವರೆಲ್ಲರೂ ಹೊರಗಿನಿಂದ ಬಂದವರು. ಆ ನಾಡಿನಲ್ಲಿಯೇ ಹುಟ್ಟಿ ಬೆಳೆದವರು, ತೆಂಗು ಕಂಗುಗಳನ್ನೂ ಕಡಲನ್ನೂ ಬೆಟ್ಟಗಳನ್ನೂ ದಿನಂಪ್ರತಿ ಕಾಣುತ್ತಿದ್ದವರು, ಯಾವ ಸ್ಥಳವನ್ನು ನೋಡಬೇಕೆಂದು ಮನೆಬಿಟ್ಟು ಹೊರಡುತ್ತಿದ್ದರು? ನೋಡಿದ ಮೇಲೆ ಅವರ ಮನಸ್ಸಿಗೆ ಏನು ತೋರಿತು? ಪ್ರಾಚೀನ ಕಾಲದ ವಿಷಯದಲ್ಲಿ ಇಂತಹ ಪ್ರಶ್ನೆಗೆ ಉತ್ತರ ದೊರೆಯುವುದು ದುರ್ಲಭ. ರಾಜರ ಶಾಸನಗಳು ದಾನದತ್ತಿಗಳನ್ನು ಹೇಳುತ್ತವೆ. ಸಾಮಾನ್ಯನ ಕಣ್ಣಿನ ಸಂತೋಷವನ್ನು ಹೇಳುವುದಿಲ್ಲ. ಆದರೆ ಸಿಂಹಳದಲ್ಲಿ ಒಂದು ಗೋಡೆಯುಂಟು. ಅದು ಈ ಪ್ರಶ್ನೆಗೆ ಉತ್ತರವನ್ನು ಹೇಳುತ್ತದೆ. ಅದೇ ಸಿಂಹಗಿರಿಯ, ಅರ್ಥಾತ್ ಸಿಗಿರಿಯಾದ, ಕನ್ನಡಿಗೋಡೆ.

ಸಿಂಹಗಿರಿಯು ಆ ದ್ವೀಪದ ನಡುನಾಡಿನಲ್ಲಿ, ಮಾತಳೆ ಜಿಲ್ಲೆಗೆ ಸೇರಿದ ಕಾಡು ಬಯಲಿನ ಮಧ್ಯದಲ್ಲಿ, ಗುಹಾಲಯಗಳಿಂದ ಪ್ರಸಿದ್ಧವಾದ ದಂಬುಲ್ಲಕ್ಕೆ ಸಮೀಪದಲ್ಲಿರುವುದು. ಸುತ್ತಲಿನ ನೆಲದಿಂದ ಸುಮಾರು 600 ಅಡಿ ಎತ್ತರಕ್ಕೆ ಒಂದೇ ಬಂಡೆಯು ಕಂಬದಂತೆ ನೆಟ್ಟಗೆ ಎದ್ದು ನಿಂತಿದೆ. ಪಕ್ಕಗಳು ಕಡಿದಾದುವು, ಕೆಲವೆಡೆ ಹೊರಕ್ಕೆ ಚಾಚಿಕೊಂಡು ಕೆಳಗಿನವರ ಮೇಲೆ ಬೀಳುವುದೋ ಎಂಬಂತಿವೆ. ನೆತ್ತಿಯಲ್ಲಿ ಮೂರು ನಾಲ್ಕು ಎಕರೆಗಳಷ್ಟು ಜಾಗವಿದ್ದು, ಅರಮನೆಯ ತಳಪಾಯಗಳೂ ಕಲ್ಲಿನಲ್ಲಿ ಕೊರೆದ ಕೊಳವೂ ಇಂದಿಗೂ ಕಾಣುತ್ತವೆ. ಅಲ್ಲಿ ನಿಂತು ನೋಡಿದವರಿಗೆ ನಾಲ್ಕು ದಿಕ್ಕಿಗೂ ಹಸುರು ಕಾಡು, ನಡುನಡುವೆ ಕೆರೆಗಳ ಹೊಳಪು, ದೂರದಲ್ಲಿ ನೀಲಿಯಾದ ಬೆಟ್ಟಸಾಲು, ಇವು ಗೋಚರವಾಗುತ್ತವೆ. ಪ್ರಕೃತಿಯೇ ಕಟ್ಟಿದ ಈ ದುರ್ಗಕ್ಕೆ ಮನುಷ್ಯನ ಕೈ ತಗುಲಿದ ಕಥೆಯು ಪಿತೃಹತ್ಯೆಯಿಂದ ಮೊದಲಾಗುತ್ತದೆ.

ಆ ಕಥೆಗೆ ಮುಖ್ಯವಾದ ಆಧಾರವು ಪಾಳಿಭಾಷೆಯ ಚೂಳವಂಶ. ಅದು ಘಟನೆಗಳಾದ ಅನೇಕ ಶತಮಾನಗಳ ತರುವಾಯ ಭಿಕ್ಷುಗಳಿಂದ ರಚಿತವಾದುದೆಂಬುದನ್ನು ಮರೆಯಲಾಗದು. 5ನೆಯ ಶತಮಾನದಲ್ಲಿ ಧಾತುಸೇನನೆಂಬ ಅರಸನು ಅನುರಾಧಪುರದಲ್ಲಿ ಆಳುತ್ತಿದ್ದನು. ಕಲಾವೆವ ಎಂಬ ಮಹಾತಟಾಕವನ್ನು ಕಟ್ಟಿಸಿದವನು ಇವನೇ. ಆ ಕೆರೆಯ ನೀರನ್ನು ಸುಮಾರು 54 ಮೈಲಿಗಳ ಕಾಲುವೆಯು ರಾಜಧಾನಿಗೆ ಒಯ್ಯುತ್ತಿತ್ತು. ಇವನಿಗೆ ಇಬ್ಬರು ಗಂಡುಮಕ್ಕಳು: ಹೀನಕುಲದ ರಾಣಿಯಲ್ಲಿ ಹುಟ್ಟಿದ ಕಾಶ್ಯಪನು ಹಿರಿಯ, ಸಮಾನಕುಲದ ರಾಣಿಯಲ್ಲಿ ಹುಟ್ಟಿದ ಮೊಗ್ಗಲ್ಲಾನನು ಕಿರಿಯ. ಮಗಳೊಬ್ಬಳನ್ನು ಅರಸನು ತನ್ನ ಸೋದರಳಿಯನೂ ಸೇನಾಪತಿಯೂ ಆದ ಮಿಗಾರನಿಗೆ ಕೊಟ್ಟಿದ್ದನು. ನಿರಪರಾಧಿನಿಯಾದ ಆಕೆಯನ್ನು ಮಿಗಾರನು ಚಾವಟಿಯಿಂದ ಹೊಡೆದನು. ಮಗಳ ಸೀರೆಯಲ್ಲಿ ರಕ್ತವನ್ನು ಕಂಡು ಉರಿದೆದ್ದ ತಂದೆಯು ಅಳಿಯನ ತಾಯಿಯನ್ನೇ ಸುಡಿಸಿದನು. ಅಂದಿನಿಂದ ಹಗೆಸಾಧಿಸುತ್ತ ಬಂದ ಮಿಗಾರನು ಕಾಶ್ಯಪನ ಕಿವಿಯಲ್ಲಿ ರಾಜ್ಯಲೋಭವನ್ನು ಊದಿದನು. ಕಾಶ್ಯಪನು ತಂದೆಯನ್ನು ಸೆರೆಯಲ್ಲಿಟ್ಟು ಸಿಂಹಾಸನವನ್ನೇರಿದನು. ಮೊಗ್ಗಲ್ಲಾನನು ಜಂಬೂದ್ವೀಪಕ್ಕೆ, ಎಂದರೆ ಭರತಖಂಡಕ್ಕೆ, ಓಡಿಹೋದನು.

ಮುದುಕನು ಬಚ್ಚಿಟ್ಟಿರುವ ನಿಧಿ ಎಲ್ಲಿಯೆಂದು ತೋರಿಸಬೇಕೆಂದು ಮಿಗಾರನ ಮಾತು ಕೇಳಿ ಕಾಶ್ಯಪನು ದೂತರನ್ನು ಅಟ್ಟಿದನು. ಧಾತುಸೇನನು ತನ್ನನ್ನು ಕಲಾವೆವಕ್ಕೆ ಕರೆದೊಯ್ಯಿರೆಂದನು. ಅಲ್ಲಿ ಕೆರೆಗಿಳಿದು ಮಿಂದು, ಬೊಗಸೆಯಲ್ಲಿ ನೀರನ್ನೆತ್ತಿ, ತನಗಿರುವ ನಿಧಿಯೆಲ್ಲವೂ ಇದೇ ಎಂದು ಹೇಳಿದನು. ಆ ಮಾತಿನ ಅರ್ಥವು ರಾಜಪುರುಷರಿಗೆ ಆಗಲಿಲ್ಲ. ಅವನನ್ನು ಬಂಧಿಸಿ ಗೋಡೆಯೊಳಗೆ ಹುಗಿದು ಮಣ್ಣಿನಿಂದ ಮುಚ್ಚಿಬಿಟ್ಟರು.

ತಂದೆಯನ್ನು ಕೊಂದವನಿಗೆ ಅನುರಾಧಪುರದಲ್ಲಿ ನಿದ್ರೆ ಬರುವುದೆಂತು? ತಮ್ಮನು ಎಂದಾದರೊಂದು ದಿನ ಸೈನ್ಯದೊಡನೆ ಬಂದೇ ಬರುವನೆಂಬ ಭಯದಿಂದ ಕಾಶ್ಯಪನು ಯಾರಿಗೂ ಏರಲಸಾಧ್ಯವಾದ ಸಿಂಹಗಿರಿಯನ್ನು ಆರಿಸಿಕೊಂಡನೆಂದು ಚೂಳವಂಶವು ಹೇಳುತ್ತದೆ. ಅವನ ಆಳ್ವಿಕೆಯನ್ನು ಸಾಮಾನ್ಯವಾಗಿ 477ರಿಂದ 495ರ ವರೆಗೆ ಎಣಿಸುವರು. ಈ ಹದಿನೆಂಟು ವರ್ಷಗಳಲ್ಲಿ ಅವನು ಅಲ್ಲಿ ಇನ್ನೊಂದು ಅಲಕಾಪುರಿಯನ್ನೇ ಕಟ್ಟಿಸಿ, ಕುಬೇರನಂತೆ ವಾಸಿಸಿದನಂತೆ. ಉತ್ತರಮೇಘವನ್ನು ಓದಿದವರಿಗೆ ಅಲಕೆಯೆಂದರೇನೆಂದು ವಿವರಿಸಬೇಕಾಗಿಲ್ಲ: ಮುಗಿಲನ್ನು ಮುಟ್ಟುವ ಸೌಧಗಳು, ಕೈಯಲ್ಲಿ ಹೂಹಿಡಿದ ಸುಂದರಿಯರು, ಬತ್ತದ ಬಾವಿಗಳು, ಬಾಡದ ಉದ್ಯಾನಗಳು. ಸಿಂಹಗಿರಿಯಲ್ಲಿ ಉಳಿದಿರುವ ಅವಶೇಷಗಳನ್ನು ನೋಡಿದರೆ ಗ್ರಂಥಕಾರನ ಉಪಮೆಯು ಬರಿಯ ಅಲಂಕಾರವಲ್ಲವೆಂದು ತೋರುತ್ತದೆ.

ಬಂಡೆಯ ಪಶ್ಚಿಮದ ಬುಡದಲ್ಲಿ ಸಮಪ್ರಮಾಣವಾಗಿ ಹಂಚಿದ ಜಲೋದ್ಯಾನಗಳಿವೆ. ನೆಲದೊಳಗೆ ಹಾಯಿಸಿದ ಕಾಲುವೆಗಳಿಂದ ನೀರು ಬಂದು ತನ್ನ ಒತ್ತಡದಿಂದಲೇ ಕಲ್ಲಿನ ತೂತುಗಳ ಮೂಲಕ ಚಿಮ್ಮುತ್ತಿತ್ತು; ಮಳೆಗಾಲದಲ್ಲಿ ಆ ಕಾರಂಜಿಗಳು ಈಗಲೂ ಚಿಮ್ಮುವುದುಂಟು. ಮುಂದೆ ಹೆಬ್ಬಂಡೆಗಳ ನಡುವಿನ ತೋಟ, ಬಳಿಕ ಮೆಟ್ಟಿಲುಮೆಟ್ಟಿಲಾದ ತೋಟ, ಆ ಮೇಲೆ ಬಂಡೆಯ ಪಕ್ಕಕ್ಕೆ ಅಂಟಿಕೊಂಡಂತೆ ಸಾಗುವ ಓಣಿ. ಆ ಓಣಿಯ ಹೊರಮಗ್ಗುಲಿಗೆ ಇಟ್ಟಿಗೆಯಿಂದ ಆಳೆತ್ತರಕ್ಕೂ ಮಿಗಿಲಾದ ಗೋಡೆಯನ್ನು ಕಟ್ಟಿ, ಒಳಮೈಗೆ ಬಿಳಿಯ ಗಾರೆಯನ್ನು ಬಳಿದು, ಮುಖ ಕಾಣುವಷ್ಟು ನುಣುಪಾಗಿ ಉಜ್ಜಿದ್ದರು. ಇದೇ ಕನ್ನಡಿಗೋಡೆ. ಇದಕ್ಕೆ ಮೇಲ್ಗಡೆ ಬಂಡೆಯ ಪೊಟರೆಯಲ್ಲಿ ಸ್ತ್ರೀಚಿತ್ರಗಳಿವೆ. ಹೊಂಬಣ್ಣದವರೂ ಶ್ಯಾಮಲವರ್ಣದವರೂ ಆದ ಆ ಸುಂದರಿಯರು ಸೊಂಟದವರೆಗೆ ಮಾತ್ರ ಕಾಣುತ್ತಾರೆ. ಕೆಳಗೆ ಮೋಡವು ಕವಿದಿದೆ. ಇಪ್ಪತ್ತರಷ್ಟು ಚಿತ್ರಗಳು ಮಾತ್ರ ಈಗ ಉಳಿದಿವೆ. ಓಣಿಯು ಮುಗಿಯುವೆಡೆಯಲ್ಲಿ ಬಂಡೆಯ ಉತ್ತರಕ್ಕೆ ಇಟ್ಟಿಗೆಯ ಮಹಾಸಿಂಹವೊಂದು ಕುಳಿತಿತ್ತು. ಅದರ ದೇಹದ ಮೂಲಕವೇ ಅರಮನೆಗೆ ಹೋಗಬೇಕಾಗಿತ್ತು. ಗಿರಿಗೆ ಹೆಸರನ್ನಿತ್ತ ಆ ಸಿಂಹದಲ್ಲಿ ಎರಡು ಮುಂಗಾಲುಗಳು ಮಾತ್ರ ಉಳಿದಿವೆ.

ಇಷ್ಟೆಲ್ಲ ಕಟ್ಟಿದ ಅರಸನನ್ನು ಆ ದುರ್ಗವು ಕಾಯಲಿಲ್ಲ. ಮೊಗ್ಗಲ್ಲಾನನು ಸೈನ್ಯದೊಡನೆ ಬಂದಾಗ ಕಾಶ್ಯಪನು ಬಂಡೆಯಿಂದಿಳಿದು ಬಯಲಿಗೆ ಹೋಗಿ ಕಾದಿದನು. ಮುಂದೆ ಜೌಗುನೆಲವನ್ನು ಕಂಡು ಅವನು ತನ್ನ ಆನೆಯನ್ನು ಬೇರೊಂದು ದಾರಿಗೆ ತಿರುಗಿಸಲು, ಅರಸನು ಓಡುತ್ತಿರುವನೆಂದು ಭ್ರಮಿಸಿ ಪಡೆಯೆಲ್ಲವೂ ಚೆದರಿತು. ಕಾಶ್ಯಪನು ಕಠಾರಿಯಿಂದ ತನ್ನ ಕೊರಳನ್ನು ತಾನೇ ಕೊಯ್ದುಕೊಂಡನು. ಗೆದ್ದ ತಮ್ಮನು ರಾಜಧಾನಿಯನ್ನು ಮರಳಿ ಅನುರಾಧಪುರಕ್ಕೆ ಒಯ್ದು, ಸಿಂಹಗಿರಿಯನ್ನು ಭಿಕ್ಷುಗಳಿಗೆ ಬಿಟ್ಟುಕೊಟ್ಟನು.

ರಾಜನ ಚರಿತ್ರೆಯು ಇಲ್ಲಿಗೆ ಮುಗಿಯಿತು; ಪ್ರಜೆಗಳ ಚರಿತ್ರೆಯು ಇಲ್ಲಿಂದ ಮೊದಲಾಯಿತು. ಅರಮನೆಯು ಬರಿದಾದ ಮೇಲೆ ಜನರು ಅದನ್ನು ನೋಡಲು ಬರತೊಡಗಿದರು. ಅವರನ್ನು ಕರೆತಂದುದು ಹರಕೆಯೂ ಅಲ್ಲ, ರಾಜಾಜ್ಞೆಯೂ ಅಲ್ಲ. ಆ ಸ್ಥಳದ ಚೆಲುವು. ಬಂದವರು ಓಣಿಯಲ್ಲಿ ನಿಂತು, ತಲೆಯೆತ್ತಿ ಚಿತ್ರಗಳನ್ನು ನೋಡಿ, ಕೈಗೆಟುಕುವಂತಿದ್ದ ಬಿಳಿಯ ಗೋಡೆಯ ಮೇಲೆ ಮೊನಚಾದ ಲೇಖನಿಯಿಂದ ಸಣ್ಣ ಅಕ್ಷರಗಳಲ್ಲಿ ಪದ್ಯಗಳನ್ನು ಕೊರೆದು ಹೋದರು. ಇವುಗಳಲ್ಲಿ ಬಹುಭಾಗವು 8, 9 ಮತ್ತು 10ನೆಯ ಶತಮಾನಗಳವು. ಎಂದರೆ ಕಾಶ್ಯಪನು ಸತ್ತು ಮುನ್ನೂರು ನಾನ್ನೂರು ವರ್ಷಗಳು ಕಳೆದ ಮೇಲೆ ಬಂದವರ ಬರೆಹ.

ಬರೆದವರು ಯಾರು? ಅನೇಕರು ತಮ್ಮ ಹೆಸರನ್ನೂ ಊರನ್ನೂ ತಿಳಿಸಿದ್ದಾರೆ. ಅವರಲ್ಲಿ ಅಧಿಕಾರಿಗಳಿದ್ದಾರೆ, ಭಿಕ್ಷುಗಳಿದ್ದಾರೆ, ಗೃಹಸ್ಥರಿದ್ದಾರೆ, ಸ್ತ್ರೀಯರೂ ಇದ್ದಾರೆ. ಭಾಷೆಯು ಪಂಡಿತರ ಪಾಳಿಯಲ್ಲ, ಸಂಸ್ಕೃತವಲ್ಲ. ಅವರ ಮನೆಮಾತಾದ ಸಿಂಹಳ. ಅಂದಿನ ಸಿಂಹಳದ ಕಾವ್ಯವು ಅತ್ಯಲ್ಪವಾಗಿ ಉಳಿದಿರುವುದರಿಂದ, ಆ ಭಾಷೆಯ ಹಳೆಯ ರೂಪವನ್ನೂ ಛಂದಸ್ಸನ್ನೂ ಅರಿಯಲು ಈ ಗೋಡೆಯೇ ಒಂದು ಗ್ರಂಥಭಂಡಾರವಾಗಿ ಪರಿಣಮಿಸಿದೆ.

ಪದ್ಯಗಳ ವಿಷಯವಾದರೋ ನಾನಾ ವಿಧ. ಚಿತ್ರದ ಚೆಲುವೆಯರು ತಮ್ಮೊಡನೆ ಒಂದು ಮಾತನ್ನೂ ಆಡಲಿಲ್ಲವೆಂದು ಕೆಲವರು ಕೊರಗುತ್ತಾರೆ. ಇವರು ಕಲ್ಲುಮನಸ್ಸಿನವರೆಂದು ಕೆಲವರು ದೂರುತ್ತಾರೆ. ಅರಸನನ್ನು ಕಳೆದುಕೊಂಡು ಇವರು ಶೋಕಿಸುತ್ತಿರುವರೆಂದು ಭಾವಿಸಿ ಮರುಗುವವರುಂಟು. ಬಂದ ಸ್ತ್ರೀಯರಲ್ಲಿ ಕೆಲವರು, ಗಂಡಸರೆಲ್ಲ ಹೀಗೆ ಮರುಳಾಗಿ ನಿಂತುದನ್ನು ಕಂಡೋ ಏನೋ, ಚಿತ್ರದವರನ್ನು ಮೂದಲಿಸಿದ್ದಾರೆ. ಸಿಂಹದ ಆಕಾರಕ್ಕೆ ಬೆರಗಾದವರಿದ್ದಾರೆ. ಇಷ್ಟು ಮಂದಿ ಪದ್ಯ ಬರೆದಿರುವುದರಿಂದ ತಾನು ಬರೆಯುವುದಿಲ್ಲವೆಂದು ಬರೆದಿಟ್ಟುಹೋದ ವಿನೋದಶೀಲನೂ ಒಬ್ಬನಿದ್ದಾನೆ. ಇವರಲ್ಲಿ ಮಹಾಕವಿಗಳೆಂದು ಎಣಿಸತಕ್ಕವರು ಇಲ್ಲದಿರಬಹುದು. ಆದರೆ ಆಲಂಕಾರಿಕರು ಸಹೃದಯನೆಂದು ಯಾರನ್ನು ಕರೆದರೋ ಅವನು ಇಲ್ಲಿ ತನ್ನ ಹೆಸರು ಊರುಗಳೊಡನೆ ಪ್ರತ್ಯಕ್ಷನಾಗುತ್ತಾನೆ. ಇಂತಹ ಭಾಗ್ಯವು ಪ್ರಾಚೀನ ಚಿತ್ರಶಾಲೆಗಳಲ್ಲಿ ಬೇರೆ ಯಾವುದಕ್ಕೂ ಬಂದಂತೆ ಕಾಣುವುದಿಲ್ಲ.

ಚರಿತ್ರಕಾರರಿಗೂ ಈ ಪದ್ಯಗಳಿಂದ ಪ್ರಯೋಜನವುಂಟು. ಚಿತ್ರದಲ್ಲಿರುವವರು ಯಾರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಪುಷ್ಪಗಳೊಡನೆ ದೇವಾಲಯಕ್ಕೆ ಹೊರಟ ರಾಣೀವಾಸದವರೆಂದು ಎಚ್.ಸಿ.ಪಿ. ಬೆಲ್ಲರೂ, ಅಪ್ಸರೆಯರೆಂದು ಆನಂದ ಕುಮಾರಸ್ವಾಮಿಗಳೂ, ಮೇಘ ಮತ್ತು ವಿದ್ಯುತ್ತುಗಳ ಸ್ತ್ರೀರೂಪಗಳೆಂದು ಸೆನರತ್ ಪರಣವಿತಾನರೂ ಹೇಳಿದರು. ಅಲಕೆಯ ಉಪಮೆಗೆ ಕೊನೆಯ ಮತವು ಚೆನ್ನಾಗಿ ಹೊಂದುತ್ತದೆ. ಆದರೆ ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬಂದ ಊರಿನವರು ಅವರನ್ನು ಹೆಚ್ಚಾಗಿ ಅರಸನ ಅಂತಃಪುರದವರೆಂದೇ ತಿಳಿದು ಮಾತನಾಡಿಸಿದರು. ಅಲ್ಲದೆ, ಐನೂರು ಮಂದಿ ಸುಂದರಿಯರೆಂದು ಪದ್ಯವೊಂದರಲ್ಲಿ ಹೇಳಿರುವುದರಿಂದ, ಅಂದು ಚಿತ್ರಗಳು ಬಂಡೆಯ ಬಹುಭಾಗವನ್ನು ವ್ಯಾಪಿಸಿದ್ದುವೆಂದು ಊಹಿಸಲು ಅವಕಾಶವಾಗಿದೆ.

ಕಾಲಾಂತರದಲ್ಲಿ ಭಿಕ್ಷುಗಳೂ ಸಿಂಹಗಿರಿಯನ್ನು ಬಿಟ್ಟರು. ಕಾಡು ಅದನ್ನು ನುಂಗಿತು. 1831ರಲ್ಲಿ ಫೋರ್ಬ್ಸ್ ಎಂಬ ಆಂಗ್ಲ ಸೇನಾಧಿಕಾರಿಯು ಅಲ್ಲಿಗೆ ಹೋದನು. 1889ರಲ್ಲಿ ಮರ್ರೆ ಎಂಬಾತನು ಪೊಟರೆಗೆ ಹತ್ತಿ ಚಿತ್ರಗಳ ಪ್ರತಿಗಳನ್ನು ಬರೆದುಕೊಂಡನು. 1890ರ ದಶಕದಲ್ಲಿ ಬೆಲ್ಲರು ಕಾಡನ್ನು ಕಡಿಸಿ ಉತ್ಖನನ ನಡೆಸಿದಾಗ ಸಿಂಹದ ಪಾದಗಳು ಬೆಳಕಿಗೆ ಬಂದುವು. ಆದರೆ ಗೋಡೆಯ ಬರೆಹವನ್ನು ಓದುವ ಪರಿಶ್ರಮವು ಆ ನಾಡಿನವರೇ ಆದ ಪರಣವಿತಾನರಿಗೆ ಮೀಸಲಾಗಿತ್ತು. ಒಂದರ ಮೇಲೊಂದು ಗೀಚಿದ, ಸವೆದುಹೋದ, ಕೂದಲೆಳೆಯಂತಹ ಗೆರೆಗಳನ್ನು ವರ್ಷಗಟ್ಟಲೆ ಪರೀಕ್ಷಿಸಿ ಅವರು 685 ಪದ್ಯಗಳನ್ನು ಅನುವಾದ ಮತ್ತು ವ್ಯಾಕರಣವಿಚಾರಗಳೊಡನೆ ಎರಡು ಸಂಪುಟಗಳಲ್ಲಿ 1956ರಲ್ಲಿ ಪ್ರಕಟಿಸಿದರು. ಇನ್ನೂ ಕೆಲವನ್ನು ತರುವಾಯದ ವಿದ್ವಾಂಸರು ಓದಿದ್ದಾರೆ.

ಕಾಡಿನಿಂದ ಹೊರಬಂದ ಚೆಲುವಿಗೆ ಹೊಸ ಅಪಾಯಗಳು ಕಾದಿದ್ದುವು. 1967ರ ಅಕ್ಟೋಬರಿನಲ್ಲಿ ದುರಾತ್ಮರು ಯಾರೋ ಪೊಟರೆಗೆ ನುಗ್ಗಿ ಚಿತ್ರಗಳಿಗೆ ಹಸುರು ಬಣ್ಣವನ್ನು ಬಳಿದು ಕೆಡಿಸಿದರು. ಇಟಲಿಯ ತಜ್ಞನಾದ ಲುಚಿಯಾನೊ ಮರಾಂಜಿಯು ಬಂದು ಶ್ರಮಪಟ್ಟು ಅವುಗಳನ್ನು ಉಳಿಸಿಕೊಟ್ಟನು. 1982ರಲ್ಲಿ ಯುನೆಸ್ಕೋ ಸಂಸ್ಥೆಯು ಸಿಂಹಗಿರಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕನ್ನಡಿಗೋಡೆಯ ಮೇಲೆ ಬರೆಯುವುದು ಈಗ ಶಿಕ್ಷಾರ್ಹವಾದ ಅಪರಾಧ. 2015ರಲ್ಲಿ ಅದೇ ದ್ವೀಪದ ತರುಣಿಯೊಬ್ಬಳು ಆ ಗೋಡೆಯ ಮೇಲೆ ಹೆಸರನ್ನು ಗೀಚಿದುದಕ್ಕಾಗಿ ನ್ಯಾಯಾಲಯವು ಎರಡು ವರ್ಷಗಳ ಸೆರೆವಾಸವನ್ನು ವಿಧಿಸಿತು, ಜನರು ಕನಿಕರಪಟ್ಟರು, ರಾಷ್ಟ್ರಾಧ್ಯಕ್ಷರು ಕ್ಷಮಾದಾನವಿತ್ತು ಬಿಡುಗಡೆ ಮಾಡಿದರು.

ಇಲ್ಲಿ ಒಂದು ಧರ್ಮಸಂದೇಹವು ಏಳುವುದು ಸಹಜ. ಅಂದಿನವರು ಬರೆದುದು ಸಂಪತ್ತಾದರೆ ಇಂದಿನವಳು ಬರೆದುದು ಅಪರಾಧವೆಂತಾಯಿತು? ಇಬ್ಬರೂ ಗೋಡೆಯ ಒಡೆಯರ ಅಪ್ಪಣೆ ಕೇಳಿದವರಲ್ಲ. ತಾನು ಇಲ್ಲಿಗೆ ಬಂದಿದ್ದೆನೆಂದು ತಿಳಿಸಬೇಕೆಂಬ ಆಶೆಯೂ ಇಬ್ಬರಲ್ಲಿ ಒಂದೇ. ಹಿಂದಿನವರು ಪದ್ಯವನ್ನು ಬರೆದರು, ಈಗಿನವರು ಬರಿಯ ಹೆಸರನ್ನು ಬರೆಯುತ್ತಾರೆ ಎಂಬ ಸಮಾಧಾನವು ಸಾಲದು. ಹಿಂದಿನವರಲ್ಲಿಯೂ ಹೇಳತಕ್ಕ ಕವಿತ್ವವಿಲ್ಲದವರು ಇದ್ದರು. ನಿಜವಾದ ಭೇದವು ಬೇರೆಡೆಯಲ್ಲಿದೆ. ಅಂದು ಆ ಗೋಡೆಯು ಬರಿದಾಗಿತ್ತು. ಬರೆದವನು ಯಾರ ಮಾತನ್ನೂ ಅಳಿಸಬೇಕಾಗಿರಲಿಲ್ಲ. ಇಂದು ಅದರಲ್ಲಿ ನೂರಾರು ಜನರ ಮಾತು ತುಂಬಿದೆ. ಈಗ ಎಳೆಯುವ ಒಂದೊಂದು ಗೆರೆಯೂ ಹಿಂದಿನವರ ಒಂದು ಅಕ್ಷರವನ್ನು ಕೊಲ್ಲುತ್ತದೆ. ಆದುದರಿಂದ ನಿಷೇಧವು ನ್ಯಾಯವಾದುದು. ಅರಿಯದೆ ಗೀಚಿದವಳನ್ನು ಕ್ಷಮಿಸಿದುದೂ ನ್ಯಾಯವಾದುದೇ; ಏಕೆಂದರೆ ಅವಳ ಕೈಯನ್ನು ಪ್ರೇರಿಸಿದ ಆಶೆಯೇ ಆ ಗೋಡೆಯನ್ನು ಅಮೂಲ್ಯವಾಗಿ ಮಾಡಿದ್ದಿತು.

ಕಾಶ್ಯಪನು ಸಿಂಹಗಿರಿಯನ್ನು ಕಟ್ಟಿಸಿದುದು ತನ್ನೊಬ್ಬನಿಗಾಗಿ. ಪರರು ಏರಬಾರದೆಂಬುದೇ ಅದರ ಉದ್ದೇಶ. ಆದರೆ ಹದಿನೆಂಟು ವರ್ಷ ಅವನದಾಗಿದ್ದ ಆ ಸ್ಥಳವು ಅನಂತರ ನೂರಾರು ವರ್ಷ ಊರಿನವರದಾಯಿತು. ಮೂಟೆ ಕಟ್ಟಿಕೊಂಡು ಬಂದು, ಬೆವರೊರೆಸಿಕೊಂಡು, ನೆರಳಿನ ಓಣಿಯಲ್ಲಿ ನಿಂತು ಕಣ್ಣು ತಣಿಸಿಕೊಂಡ ಗೃಹಸ್ಥರ ಪ್ರೀತಿಯು ಅಲ್ಲಿ ಅಕ್ಷರರೂಪವಾಗಿ ಉಳಿಯಿತು. ಸಮೀಪದಲ್ಲಿಯೇ ಅವನ ತಂದೆಯ ಕೆರೆಯಿರುವುದು. ಏರಿ ಒಡೆದು ಬಹುಕಾಲ ಬರಿದಾಗಿದ್ದ ಕಲಾವೆವವು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಜೀರ್ಣೋದ್ಧಾರವಾಗಿ ಮರಳಿ ತುಂಬಿತು. ಧಾತುಸೇನನು ಬೊಗಸೆಯಲ್ಲಿ ಎತ್ತಿ ತೋರಿಸಿದ ನಿಧಿಯು ಇಂದಿಗೂ ಬಯಲುಸೀಮೆಯ ಗದ್ದೆಗಳಿಗೆ ಹರಿಯುತ್ತಿದೆ.