ಮಂಗಳೂರು ಬಂದರು

ಮಂಗಳೂರು ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತ ಕೇಂದ್ರ ಹಾಗೂ ಕರ್ನಾಟಕದ ಪ್ರಮುಖ ಬಂದರು ನಗರ. ನೇತ್ರಾವತಿ ಮತ್ತು ಗುರುಪುರ (ಫಲ್ಗುಣಿ) ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿ ಈ ನಗರ ಬೆಳೆದಿದೆ. ಇದನ್ನು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ ಮತ್ತು ಬ್ಯಾರಿ ಭಾಷೆಯಲ್ಲಿ ಮೈಕಾಲ ಎಂದು ಕರೆಯುತ್ತಾರೆ. ನಗರಕ್ಕೆ ವ್ಯಾಪಾರವನ್ನು ತಂದುಕೊಟ್ಟ ಅಳಿವೆಯಲ್ಲಿ ಮರಳು ತುಂಬುತ್ತಿದ್ದುದರಿಂದ, ಇಪ್ಪತ್ತನೆಯ ಶತಮಾನದಲ್ಲಿ ದೊಡ್ಡ ಹಡಗುಗಳಿಗಾಗಿ ಬೇರೆಡೆ ಹೊಸ ಬಂದರನ್ನು ನಿರ್ಮಿಸಬೇಕಾಯಿತು.

ಇತಿಹಾಸ

ಮಂಗಳೂರು ಆಳುಪ ಅರಸರ ರಾಜಧಾನಿಗಳಲ್ಲಿ ಒಂದಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ಇಲ್ಲಿ ನೆಲೆಸಿ ಏಡನ್ ಹಾಗೂ ಈಜಿಪ್ಟಿನೊಡನೆ ವ್ಯಾಪಾರ ನಡೆಸಿದ್ದನು. ಇದು ಕೈರೋ ನಗರದಲ್ಲಿ ದೊರೆತ ಪತ್ರಗಳಿಂದ ತಿಳಿದುಬರುತ್ತದೆ. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತಾ, ಪರ್ಷಿಯಾ ಮತ್ತು ಯೆಮನ್ ದೇಶಗಳ ವರ್ತಕರು ಈ ಬಂದರಿಗೆ ಬರುತ್ತಿದ್ದರೆಂದು ದಾಖಲಿಸಿದ್ದಾನೆ.

ಮುಂದೆ ವಿಜಯನಗರ, ಪೋರ್ಚುಗೀಸ್ ಮತ್ತು ಕೆಳದಿ ಆಡಳಿತಗಳ ಪ್ರಭಾವಕ್ಕೆ ಒಳಗಾದ ಬಂದರನ್ನು 1763ರಲ್ಲಿ ಹೈದರಾಲಿ ವಶಪಡಿಸಿಕೊಂಡನು. ಎರಡನೆಯ ಆಂಗ್ಲೋ-ಮೈಸೂರು ಯುದ್ಧವು 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದೊಂದಿಗೆ ಕೊನೆಗೊಂಡಿತು. 1799ರಲ್ಲಿ ಟಿಪ್ಪು ಸುಲ್ತಾನನ ಮರಣಾನಂತರ ನಗರವು ಬ್ರಿಟಿಷರ ಅಧೀನವಾಯಿತು.

ಬಾಸೆಲ್ ಮಿಷನ್ 1834ರಲ್ಲಿ ಇಲ್ಲಿ ಕಾರ್ಯ ಆರಂಭಿಸಿತು. ಅದರ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರತಂದರು. 1865ರಲ್ಲಿ ಮಿಷನ್ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿತು. ನದೀತೀರದ ಜೇಡಿಮಣ್ಣಿನಿಂದ ತಯಾರಾದ ಮಂಗಳೂರು ಹೆಂಚು ಬಂದರಿನ ಮೂಲಕ ದೂರದೇಶಗಳಿಗೂ ರಫ್ತಾಯಿತು.

ಹಳೆ ಬಂದರು

ಹಳೆ ಬಂದರು ಗುರುಪುರ ನದಿಯ ದಂಡೆಯಲ್ಲಿದೆ. ಅಳಿವೆಯಲ್ಲಿ ಆಳ ಕಡಿಮೆಯಾದುದರಿಂದ ದೊಡ್ಡ ಹಡಗುಗಳು ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು ಮತ್ತು ಸರಕನ್ನು ದೋಣಿಗಳಲ್ಲಿ ಸಾಗಿಸಲಾಗುತ್ತಿತ್ತು. ಮಳೆಗಾಲದಲ್ಲಿ ಈ ಸಾಗಣೆ ನಿಲ್ಲುತ್ತಿತ್ತು. ಇಂದು ಇಲ್ಲಿನ ದಕ್ಕೆಯು ಮೀನುಗಾರಿಕೆಯ ಕೇಂದ್ರವಾಗಿದೆ. ಲಕ್ಷದ್ವೀಪಕ್ಕೆ ಸರಕು ಒಯ್ಯುವ ಹಡಗುಗಳೂ ಹಳೆ ಬಂದರಿನಿಂದ ಹೊರಡುತ್ತವೆ.

ನವಮಂಗಳೂರು ಬಂದರು

ವರ್ಷವಿಡೀ ಬಳಸಬಹುದಾದ ಬಂದರನ್ನು ನಗರದ ಉತ್ತರಕ್ಕಿರುವ ಪಣಂಬೂರಿನಲ್ಲಿ ನಿರ್ಮಿಸಲಾಯಿತು. ಇಲ್ಲಿ ಕಡಲತೀರದ ನೆಲವನ್ನು ಅಗೆದು ಹಡಗುಗಳು ನಿಲ್ಲುವ ಕೊಳವನ್ನು ರೂಪಿಸಲಾಗಿದೆ. 1974ರ ಮೇ 4ರಂದು ಇದನ್ನು ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿಸಲಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕುದುರೆಮುಖದ ಕಬ್ಬಿಣದ ಅದಿರು ಕೊಳವೆಮಾರ್ಗದಲ್ಲಿ ಇಲ್ಲಿಗೆ ಬಂದು ರಫ್ತಾಗುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಆ ಗಣಿಗಾರಿಕೆ ನಿಂತಿತು. ಈಗ ಕಚ್ಚಾತೈಲ, ಅಡುಗೆ ಅನಿಲ, ಕಲ್ಲಿದ್ದಲು ಮತ್ತು ಕಾಫಿ ಇಲ್ಲಿನ ಮುಖ್ಯ ಸರಕುಗಳಲ್ಲಿ ಸೇರಿವೆ.

ಪ್ರಮುಖ ಸ್ಥಳಗಳು

ಸುಲ್ತಾನ್ ಬತ್ತೇರಿ: ಬೋಳೂರಿನಲ್ಲಿರುವ ಈ ಕಲ್ಲಿನ ಕಾವಲು ಕಟ್ಟಡವನ್ನು ಯುದ್ಧನೌಕೆಗಳು ಗುರುಪುರ ನದಿಯನ್ನು ಪ್ರವೇಶಿಸದಂತೆ ತಡೆಯಲು ಟಿಪ್ಪು ಸುಲ್ತಾನನು ಕಟ್ಟಿಸಿದನು.

ಕದ್ರಿ ಮಂಜುನಾಥ ದೇವಾಲಯ: ಇಲ್ಲಿನ ಲೋಕೇಶ್ವರನ ಲೋಹಮೂರ್ತಿಯ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ.

ಮಂಗಳಾದೇವಿ ದೇವಾಲಯ: ನಗರದ ಹೆಸರು ಈ ದೇವಿಯಿಂದ ಬಂದಿತೆಂಬುದು ಪ್ರಚಲಿತ ಐತಿಹ್ಯ.

ಝೀನತ್ ಬಕ್ಷ್ ಮಸೀದಿ: ಬಂದರು ಪ್ರದೇಶದಲ್ಲಿರುವ ಈ ಪ್ರಾಚೀನ ಮಸೀದಿಯು ಕೆತ್ತನೆಯ ಮರದ ಕಂಬಗಳಿಗೆ ಹೆಸರಾಗಿದೆ.

ಸಂತ ಅಲೋಶಿಯಸ್ ಪ್ರಾರ್ಥನಾ ಮಂದಿರ: ಇದರ ಗೋಡೆ ಮತ್ತು ಚಾವಣಿಗಳಲ್ಲಿ ಇಟಲಿಯ ಕಲಾವಿದ ಆಂಟೋನಿಯೊ ಮೊಸ್ಕೇನಿ ರಚಿಸಿದ ವರ್ಣಚಿತ್ರಗಳಿವೆ.