ಕಳುಹಿಸಿದ್ದು ನಿಜ, ತಲುಪದ್ದೂ ನಿಜ

ಪೊಟ್ಟಣವನ್ನು ಅಂಚೆಗೆ ಹಾಕಿದವರು ‘ಕಳುಹಿಸಿದ್ದೇನೆ’ ಎನ್ನುತ್ತಾರೆ; ಹಣ ಕೊಟ್ಟವರು ‘ಬರಲೇ ಇಲ್ಲ’ ಎನ್ನುತ್ತಾರೆ. ಇಬ್ಬರೂ ಸತ್ಯವನ್ನೇ ನುಡಿಯುತ್ತಿರಬಹುದು. ಹಾಗಾದರೆ ನಷ್ಟ ಯಾರಿಗೆ? ಇದು ಅಂತರ್ಜಾಲದ ವ್ಯಾಪಾರದೊಡನೆ ಹುಟ್ಟಿದ ಪ್ರಶ್ನೆಯೆಂದು ನಿಮ್ಮಲ್ಲಿ ಹಲವರು ಭಾವಿಸಿರಬಹುದು. ಆದರೆ ನಮ್ಮ ದೇಶದಲ್ಲಿ ಇದಕ್ಕೆ ನೂರು ವರ್ಷಗಳನ್ನು ಮೀರಿದ ಇತಿಹಾಸವಿದೆ.

1877ರಲ್ಲಿ ಭಾರತದ ಅಂಚೆ ಇಲಾಖೆ ವಿ.ಪಿ.ಪಿ. ವ್ಯವಸ್ಥೆಯನ್ನು ತಂದಿತು. ಅಂಚೆಯವನು ಸರಕನ್ನು ಕೊಟ್ಟು, ಬೆಲೆಯನ್ನು ಕೊಳ್ಳುವವನಿಂದಲೇ ವಸೂಲು ಮಾಡಿ, ಮಾರಿದವನಿಗೆ ಸೇರುವಂತೆ ಮಾಡುವ ಏರ್ಪಾಡದು. ಕಾಣದ ಊರಿನ ಕಾಣದ ವ್ಯಾಪಾರಿಗೆ ಮುಂಗಡ ಹಣ ಕಳುಹಿಸುವ ಭಯ ಇದರಿಂದ ತಪ್ಪಿತು. ನಮ್ಮ ತಲೆಮಾರಿನ ಓದುಗರು ಎಷ್ಟೋ ಕನ್ನಡ ಪುಸ್ತಕಗಳನ್ನು ಹೀಗೆ ವಿ.ಪಿ. ಬಿಡಿಸಿಕೊಂಡೇ ಓದಿದವರು. ಆದರೆ ಭಯ ಮಾಯವಾಗಲಿಲ್ಲ, ಕೈ ಬದಲಾಯಿಸಿತು, ಅಷ್ಟೆ. ತರಿಸಿಕೊಂಡವರು ಬಿಡಿಸಿಕೊಳ್ಳದೆ ಹಿಂದಿರುಗಿಸಿದರೆ ಹೋಗಿಬರುವ ಖರ್ಚು ಮಾರಿದವನ ತಲೆಗೆ ಬರುತ್ತಿತ್ತು.

ದಾರಿಯಲ್ಲಿ ಕಳೆದುಹೋದರೆ ಅಂಚೆ ಇಲಾಖೆಯನ್ನು ಕೇಳಬಹುದಲ್ಲವೇ? 1898ರ ಭಾರತೀಯ ಅಂಚೆ ಕಚೇರಿ ಕಾಯಿದೆಯ 6ನೆಯ ಕಲಮು ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಸರ್ಕಾರವು ಸ್ಪಷ್ಟವಾಗಿ ವಹಿಸಿಕೊಂಡ ಹೊಣೆಯ ಹೊರತು, ನಷ್ಟ, ವಿಳಂಬ, ಹಾನಿ ಯಾವುದಕ್ಕೂ ಅದು ಬಾಧ್ಯವಲ್ಲವೆಂದು ಆ ಕಲಮು ಸಾರಿತು. 2024ರ ಜೂನ್ 18ರಂದು ಜಾರಿಗೆ ಬಂದ ಹೊಸ ಅಂಚೆ ಕಚೇರಿ ಕಾಯಿದೆಯೂ ಹೊಣೆಯನ್ನು ಹೀಗೆಯೇ ಮಿತಿಗೊಳಿಸಿದೆ. ಆದ್ದರಿಂದ ವ್ಯಾಜ್ಯವು ಮತ್ತೆ ಮಾರಿದವನು ಮತ್ತು ಕೊಂಡವನ ನಡುವೆಯೇ ಉಳಿಯುತ್ತದೆ.

ಆಗ ಮಾತನಾಡುವುದು ಕಾಗದ. ‘ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್’ ಎಂಬ ಅಗ್ಗದ ಚೀಟಿ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ವಿಳಾಸ ಬರೆದ ಹಾಳೆಗೆ ಅಂಚೆ ಕಚೇರಿಯ ಮೊಹರು ಬೀಳುತ್ತಿತ್ತು. ಅದು ‘ಹಾಕಿದ್ದಾರೆ’ ಎನ್ನುತ್ತಿತ್ತೇ ಹೊರತು ‘ತಲುಪಿದೆ’ ಎನ್ನುತ್ತಿರಲಿಲ್ಲ. ಇಂಥ ಮೊಹರನ್ನು ಯಾವಾಗ ಬೇಕಾದರೂ ಪಡೆಯುವುದು ಕಷ್ಟವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಒಂದು ಪ್ರಕರಣದಲ್ಲಿ ಅದನ್ನು ನೆಚ್ಚಲಿಲ್ಲ. 2011ರಲ್ಲಿ ಆ ಸೇವೆಯೇ ನಿಂತಿತು. ಇಂದು ಟ್ರ್ಯಾಕಿಂಗ್ ಇಲ್ಲದೆ ಕಳುಹಿಸಿ ‘ರಸೀದಿ ಇದೆ’ ಎನ್ನುವ ಮಾರಾಟಗಾರರ ಸ್ಥಿತಿಯೂ ಬಹುಮಟ್ಟಿಗೆ ಇದೇ.

ಮನೆಯಲ್ಲೇ ಕಸೂತಿ ಮಾಡಿ ಅಂತರ್ಜಾಲದಲ್ಲಿ ಮಾರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ, “ಮೇಷ್ಟ್ರೇ, ಗಿರಾಕಿ ಸುಳ್ಳು ಹೇಳುತ್ತಿದ್ದಾರೆಯೋ ಏನೋ, ಹೇಗೆ ತಿಳಿಯುವುದು?” ಎಂದು ಕೇಳಿದಳು. ಅದು ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ ಎಂದೆ. ಕೇಳಬೇಕಾದ ಪ್ರಶ್ನೆಯನ್ನು 1930ರ ಸರಕು ಮಾರಾಟ ಕಾಯಿದೆಯ 39ನೆಯ ಕಲಮು ಆಗಲೇ ಬರೆದಿಟ್ಟಿದೆ. ಒಪ್ಪಂದದಂತೆ ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ, ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದಂತೆ. ಆದರೆ ಸರಕಿನ ಸ್ವರೂಪಕ್ಕೂ ಸಂದರ್ಭಕ್ಕೂ ತಕ್ಕ ಸಮಂಜಸ ಏರ್ಪಾಡನ್ನು ಮಾರಿದವನು ಸಾಗಣೆದಾರನೊಡನೆ ಮಾಡಿಕೊಂಡಿರಬೇಕು. ಇಲ್ಲದಿದ್ದರೆ, ದಾರಿಯಲ್ಲಿ ಕಳೆದದ್ದನ್ನು ‘ನನಗೆ ತಲುಪಿದಂತೆ’ ಎಂದು ಒಪ್ಪದಿರಲು ಕೊಂಡವನಿಗೆ ಅಧಿಕಾರವಿದೆ. 2020ರ ಇ-ವಾಣಿಜ್ಯ ನಿಯಮಗಳು ಇನ್ನೂ ಮುಂದೆ ಹೋಗಿ, ಹೇಳಿದ ಅವಧಿ ಮೀರಿ ತಲುಪಿದ ಸರಕಿಗೂ ಹಣ ಹಿಂದಿರುಗಿಸಲು ನಿರಾಕರಿಸಬಾರದೆಂದಿವೆ. ಕೈಮೀರಿದ ಕಾರಣಗಳಿಗೆ ಮಾತ್ರ ವಿನಾಯಿತಿ. ತಡವಾದದ್ದಕ್ಕೇ ಹೀಗಿರುವಾಗ ತಲುಪದೇ ಹೋದದ್ದರ ಮಾತೇನು!

ಅಂದರೆ, ನಾಲ್ಕು ಕಾಸು ಉಳಿಸಲೆಂದು ಸುಳಿವು ಸಿಗದ ದಾರಿಯನ್ನು ಆರಿಸಿದವರು ಯಾರೋ, ನಷ್ಟವೂ ಅವರದೇ. ಇದನ್ನು ಒಪ್ಪಿಕೊಂಡರೆ ಗಿರಾಕಿಯ ಪ್ರಾಮಾಣಿಕತೆಯನ್ನು ತೂಗುವ ಕಹಿ ಕೆಲಸ ತಪ್ಪುತ್ತದೆ. ಮೊದಲು ವಿಳಾಸ ಸರಿಯಿದೆಯೇ ನೋಡಿ. ನೆರೆಯವರ ಬಳಿ, ಅಂಚೆ ಕಚೇರಿಯಲ್ಲಿ ವಿಚಾರಿಸುವಂತೆ ವಿನಯದಿಂದ ಕೋರಿ. ಎಷ್ಟು ದಿನ ಕಾಯಬೇಕೆಂಬುದನ್ನು ಮಾರುವಾಗಲೇ ತಿಳಿಸಿರಿ. ಆ ಅವಧಿ ಮುಗಿದರೆ ಮತ್ತೊಂದನ್ನು ಕಳುಹಿಸಿ, ಇಲ್ಲವೇ ಹಣ ಹಿಂದಿರುಗಿಸಿ. ಅಪರೂಪಕ್ಕೊಮ್ಮೆ ಆಗುವ ಈ ನಷ್ಟವನ್ನು ಬೆಲೆಯಲ್ಲೇ ಸ್ವಲ್ಪ ಸೇರಿಸಿಕೊಳ್ಳಬಹುದು. ಗಿರಾಕಿಯೇ ಸಾದಾ ಅಂಚೆ ಸಾಕೆಂದರೆ ಆ ಮಾತನ್ನು ಬರವಣಿಗೆಯಲ್ಲಿ ಪಡೆಯಿರಿ. ಬೆಲೆಬಾಳುವ ವಸ್ತುವನ್ನು ಮಾತ್ರ ಎಂದೂ ಹಾಗೆ ಕಳುಹಿಸಬೇಡಿ.

ದಾರಿಗಳೂ ಈಗ ಬದಲಾಗುತ್ತಿವೆ. 2025ರ ಮೇ ತಿಂಗಳಲ್ಲಿ ಪುಸ್ತಕಗಳಿಗಾಗಿ ಟ್ರ್ಯಾಕಿಂಗ್ ಸೌಲಭ್ಯವುಳ್ಳ ‘ಜ್ಞಾನ ಪೋಸ್ಟ್’ ಆರಂಭವಾಯಿತು. ಅದೇ ವರ್ಷ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಲಾಯಿತು. ಚೀಟಿ ಹೋಗಿ ಸಂಖ್ಯೆ ಬಂದರೂ, ಕಾಣದವರ ನಡುವಣ ವ್ಯಾಪಾರ ಅಂದಿನಂತೆ ಇಂದೂ ನಂಬಿಕೆಯ ಮೇಲೆಯೇ ನಿಂತಿದೆ. ಒಂದು ಪೊಟ್ಟಣದ ಬೆಲೆಗೆ ಆ ನಂಬಿಕೆಯನ್ನು ಮಾರಿಕೊಳ್ಳುವುದು ಜಾಣತನವಲ್ಲ.